ಅರ್ಧ ಅಂಕ ಕೈಬಿಡದ ಹಾಗೆ: ಕ್ಲಬ್ ಆಟಗಾರರಿಗೆ ಡ್ರಾ ಮಾಡುವ ಕ್ರಮ

ಕ್ಲಬ್ ಮಟ್ಟದ ಚೆಸ್‌ನಲ್ಲಿ ಡ್ರಾ ತಾನಾಗಿ ಒದಗಿ ಬರುವುದು ಕಡಿಮೆ. ಇಬ್ಬರಲ್ಲಿ ಒಬ್ಬರು ಅದನ್ನು ಕೂತು ಗಳಿಸಿರುತ್ತಾರೆ. ಬೋರ್ಡಿನ ಮೇಲೆ ಆಟ ಡ್ರಾ ಸ್ಥಿತಿಗೆ ಬಂದ ಗಳಿಗೆಗೂ ಸ್ಕೋರ್‌ಶೀಟಿನಲ್ಲಿ ½–½ ಬರೆಯುವ ಗಳಿಗೆಗೂ ನಡುವೆ ಮೂವತ್ತು ನಲವತ್ತು ನಡೆಗಳ ದಾರಿ ಇರಬಹುದು, ಹೆಚ್ಚಿನ ಅರ್ಧ ಅಂಕಗಳು ಕಳೆದುಹೋಗುವುದು ಆ ದಾರಿಯಲ್ಲೇ. ಎಂಜಿನ್ (ಸ್ಥಿತಿ ಅಳೆಯುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ ನೋಡಿದರೆ 0.00, ಅಂದರೆ ಸಮಬಲ, ಅಂತ ತೋರಿಸುತ್ತಿರುತ್ತದೆ, ಆಟ ಮಾತ್ರ ಸೋತಿರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರದಿರಲು ಕಾರಣ ಸಾಮಾನ್ಯವಾಗಿ ಎರಡೇ: ಯಾವ ಸ್ಥಿತಿ ಡ್ರಾ ಅಂತ ಗೊತ್ತಿದ್ದರೂ ಅದನ್ನು ಕಾಯುವ ನಡೆ ಕೈಗೆ ಹತ್ತಿರುವುದಿಲ್ಲ, ಇಲ್ಲವೇ ಡ್ರಾ ಕೇಳುವ ಕ್ರಮದಲ್ಲಿ ಎಡವಟ್ಟಾಗುತ್ತದೆ.

ಇಲ್ಲಿ ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್, ಕುದುರೆ ನೈಟ್, ಕಾಲಾಳು ಪಾನ್. ಕಂಬಸಾಲುಗಳು ಬಿಳಿಯ ಎಡಗೈಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್; ಅಡ್ಡಸಾಲುಗಳು ಬಿಳಿಯ ಕಡೆಯಿಂದ 1ರಿಂದ 8. ಬಿಳಿಗೆ ಒಂದು ಕಾಲಾಳು ಹೆಚ್ಚು, ಕಪ್ಪು ಕಾಯುತ್ತಿದೆ (ಸೋಲು ತಡೆಯುತ್ತಿದೆ) ಅಂತಲೇ ಹೆಚ್ಚಿನ ಉದಾಹರಣೆಗಳು ಇವೆ. ಬೋರ್ಡ್ ಜೋಡಿಸಿಕೊಂಡು ಓದಿ. ಬರೀ ಕಣ್ಣಲ್ಲಿ ಓದಿದರೆ ಇದು ತಲೆಗೆ ಹೋಗುವುದಿಲ್ಲ.

ಅರ್ಧ ಅಂಕದ ಬೆಲೆ ಎಷ್ಟು

1500 ರೇಟಿಂಗ್‌ನವರು 1700ರವರ ಜೊತೆ ಆಡುತ್ತಿದ್ದಾರೆ ಅಂದುಕೊಳ್ಳಿ. 200 ಅಂಕದ ಅಂತರಕ್ಕೆ ಫಿಡೆ (ವಿಶ್ವ ಚೆಸ್ ಒಕ್ಕೂಟ) ಕೋಷ್ಟಕದ ಪ್ರಕಾರ ಕೆಳಗಿನವರಿಂದ ನಿರೀಕ್ಷೆ 0.24. ಡ್ರಾ ಮಾಡಿದರೆ 0.26 ಹೆಚ್ಚುವರಿ. ಕೆ ಗುಣಾಂಕ (ರೇಟಿಂಗ್ ಎಷ್ಟು ಏರಿಳಿಯಬೇಕು ಅಂತ ಗುಣಿಸುವ ಸಂಖ್ಯೆ) 20 ಇರುವವರಿಗೆ ಅದು 5.2 ಅಂಕ. ಸೋತರೆ 4.8 ಅಂಕ ಹೋಗುತ್ತದೆ. ಅಂದರೆ ಒಂದು ಡ್ರಾ ಉಳಿಸಿಕೊಂಡರೆ ಸೋಲಿಗಿಂತ ಸರಿಯಾಗಿ 10 ಅಂಕ ಮೇಲೆ. ಹೊಸ ಆಟಗಾರರಿಗೆ, ಮತ್ತು 2300ಕ್ಕಿಂತ ಕೆಳಗಿರುವ 18 ತುಂಬದ ಮಕ್ಕಳಿಗೆ, ಕೆ 40. ಅವರಿಗೆ ಈ ವ್ಯತ್ಯಾಸ 20 ಅಂಕ. ಒಂದು ಟೂರ್ನಿಯಲ್ಲಿ ಇಂಥ ಆಟ ಎರಡು ಸಿಕ್ಕರೂ ಲೆಕ್ಕ ಬದಲಾಗುತ್ತದೆ.

ಓಪನಿಂಗಿನಲ್ಲಿ ಡ್ರಾ ಹುಡುಕಬೇಡಿ

ಬಲವಾದ ಎದುರಾಳಿ ಸಿಕ್ಕಾಗ ಫ್ರೆಂಚ್ ಎಕ್ಸ್‌ಚೇಂಜ್ ಅನ್ನುವ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಆಡಿ ಇಕ್ಕೆಲವೂ ಒಂದೇ ಥರ ಮಾಡಿಕೊಂಡರೆ ಡ್ರಾ ಸುಲಭ ಅನ್ನುವ ನಂಬಿಕೆ ಕ್ಲಬ್ಬುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. 2018ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ಕ್ಲಾಸಿಕಲ್ ಆಟ 12ನ್ನೂ ಡ್ರಾ ಮಾಡಿಕೊಂಡರು, ನಿಜ. ಆದರೆ ಅದು ತಿಂಗಳುಗಟ್ಟಲೆ ತಯಾರಿಯ ಫಲ. ಕ್ಲಬ್ ಮಟ್ಟದಲ್ಲಿ ಕಾಯಿಗಳೆಲ್ಲ ಬೋರ್ಡಿನ ಮೇಲಿರುವಾಗ ಸಮಬಲದ ಸ್ಥಿತಿಯಿಂದ ಏನೂ ಭರವಸೆ ಇಲ್ಲ, ಹತ್ತು ನಡೆ ಕಳೆಯುವಷ್ಟರಲ್ಲಿ ಬಲಶಾಲಿ ಆಟಗಾರ ಮೇಲುಗೈ ಮಾಡಿಕೊಂಡಿರುತ್ತಾನೆ. ಡ್ರಾ ಬೇಕು ಅಂತ ಹೆದರಿ ಹಿಂದೆ ಸರಿದಷ್ಟೂ ಅವನಿಗೆ ಅನುಕೂಲ. ನಿಮಗೆ ಅಭ್ಯಾಸವಿರುವ ಓಪನಿಂಗನ್ನೇ ಆಡಿ.

ಡ್ರಾ ವಿಚಾರ ಶುರುವಾಗಬೇಕಾದದ್ದು ನೀವು ಒಂದು ಕಾಲಾಳು ಕಳೆದುಕೊಂಡ ಗಳಿಗೆಯಲ್ಲಿ. ಆಗ ಒಂದು ನಿಮಿಷ ಗಡಿಯಾರ ಓಡಿದರೂ ಚಿಂತೆಯಿಲ್ಲ, ಕೂತು ಕೇಳಿಕೊಳ್ಳಿ: ಯಾವ ಎಂಡ್‌ಗೇಮಿಗೆ ಓಡಬೇಕು? ಒಂದು ಸೂತ್ರ ಹೆಚ್ಚು ಕಡಿಮೆ ಯಾವಾಗಲೂ ನಡೆಯುತ್ತದೆ. ಹಿಂದೆ ಇರುವವರು ಕಾಲಾಳುಗಳನ್ನು ಅದಲು ಬದಲು ಮಾಡಿಕೊಳ್ಳಬೇಕು, ಮುಂದೆ ಇರುವವರು ಕಾಯಿಗಳನ್ನು. ಕಾಲಾಳು ಕಡಿಮೆಯಾದಷ್ಟೂ ಕೊನೆಯ ಕಾಲಾಳಿಗೆ ನಿಮ್ಮ ಕುದುರೆಯನ್ನೋ ಒಂಟೆಯನ್ನೋ ಕೊಟ್ಟು ಎದುರಾಳಿಯನ್ನು ಬರಿಗೈ ಮಾಡುವ ಅವಕಾಶ ಹತ್ತಿರವಾಗುತ್ತದೆ. ಬರೀ ರಾಜ ಮತ್ತು ಒಂದು ಕುದುರೆಯಿಂದ ಬರೀ ರಾಜನಿಗೆ ಮೇಟ್ ಕೊಡಲಾಗುವುದಿಲ್ಲವಲ್ಲ.

ಕಾಲಾಳುಗಳೆಲ್ಲ ಬೋರ್ಡಿನ ಒಂದೇ ಪಕ್ಕದಲ್ಲಿದ್ದರೆ ಕಾಯುವವರ ಪಾಡು ಸಲೀಸು. ರಾಜನ ಪಕ್ಕದಲ್ಲಿ ಬಿಳಿಗೆ ನಾಲ್ಕು, ಕಪ್ಪಿಗೆ ಮೂರು, ಇಬ್ಬರಿಗೂ ಒಂದೊಂದು ಆನೆ ಇದ್ದರೆ ಅದು ಸಾಮಾನ್ಯವಾಗಿ ಡ್ರಾ. ಕಪ್ಪು ತನ್ನ ಮೂರನ್ನು ಎಫ್7, ಜಿ6, ಎಚ್5ರಲ್ಲಿ ನಿಲ್ಲಿಸಬೇಕು. ಎಚ್5 ಇಲ್ಲಿ ಮುಖ್ಯ. ಅದನ್ನು ಹಾಕದೆ ಬಿಟ್ಟರೆ ಬಿಳಿ ಜಿ4 ಆಡಿ ಜಾಗ ಹಿಡಿದುಕೊಳ್ಳುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ.

ಇ8ಕ್ಕೆ ನೇರ ಹಿಂದೆ

ಮೊದಲು ಬರೀ ರಾಜ ಮತ್ತು ಕಾಲಾಳು. ಬಿಳಿ ರಾಜ ಡಿ5, ಕಾಲಾಳು ಇ6. ಕಪ್ಪು ರಾಜ ಇ7, ನಡೆ ಕಪ್ಪಿನದು. ಮೂರು ಮನೆಗಳಿಗೆ ಹಿಂದೆ ಸರಿಯಬಹುದು: ಡಿ8, ಇ8, ಎಫ್8. ಡ್ರಾ ಆಗುವುದು ಇ8ಕ್ಕೆ ಹೋದರೆ ಮಾತ್ರ. ಅಲ್ಲಿಂದ ಬಿಳಿ ರಾಜ ಡಿ6ಕ್ಕೆ ಬಂದರೆ ನೀವು ಡಿ8ಕ್ಕೆ, ಎಫ್6ಕ್ಕೆ ಬಂದರೆ ಎಫ್8ಕ್ಕೆ, ಅಂದರೆ ಎದುರಾಎದುರು. ಇ7 ಚೆಕ್, ರಾಜ ಇ8, ಈಗ ಬಿಳಿ ರಾಜ ಇ6ಕ್ಕೆ ಬಂದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ), ಬೇರೆಡೆ ಹೋದರೆ ಕಾಲಾಳು ಹೋಯಿತು.

ಡಿ8ಕ್ಕೆ ಹೋದರೆ ಯಾಕೆ ಸೋಲು? ರಾಜ ಡಿ8, ಬಿಳಿ ರಾಜ ಡಿ6. ಈಗ ನೀವೇ ಜರುಗಬೇಕು: ರಾಜ ಇ8, ಇ7, ರಾಜ ಎಫ್7, ಬಿಳಿ ರಾಜ ಡಿ7. ಮುಗಿಯಿತು. ಕಾಲಾಳು ಏಳನೇ ಸಾಲಿಗೆ ಚೆಕ್ ಕೊಡುತ್ತಾ ಬಂದರೆ ನಿಮಗೆ ಒಳ್ಳೆಯದು, ಚೆಕ್ ಇಲ್ಲದೆ ಬಂದರೆ ಕೇಡು. ಟೈಮ್ ಟ್ರಬಲ್‌ನಲ್ಲಿ ಲೆಕ್ಕ ಹಾಕಲಾಗದಿದ್ದರೆ ಈ ಒಂದು ಗುರುತು ಸಾಕು.

ಅಂಚಿನ ಕಾಲಾಳಿಗೆ, ಅಂದರೆ ಎ ಮತ್ತು ಎಚ್ ಸಾಲಿನದಕ್ಕೆ, ಇಷ್ಟೂ ಬೇಡ. ಕಪ್ಪು ರಾಜ ಮೂಲೆಗೆ ತಲುಪಿದರೆ ಡ್ರಾ. ಜೊತೆಗೆ ಒಂಟೆ ಇದ್ದರೂ, ಆ ಒಂಟೆ ಮೂಲೆಯ ಬಣ್ಣದ್ದಲ್ಲದಿದ್ದರೆ ಡ್ರಾ. ಎಚ್8 ಕಪ್ಪು ಮನೆ, ಹಾಗಾಗಿ ಎಚ್ ಕಾಲಾಳಿನ ಜೊತೆ ಬಿಳಿ ಮನೆಯ ಒಂಟೆ ಇದ್ದರೆ ಬಿಳಿಗೆ ಗೆಲುವಿಲ್ಲ. ಎ8 ಬಿಳಿ ಮನೆ, ಅಲ್ಲಿ ಕಪ್ಪು ಮನೆಯ ಒಂಟೆ ಕೆಲಸಕ್ಕೆ ಬಾರದು. ಇದನ್ನು ಬರೀ ಎಂಡ್‌ಗೇಮಿನ ಚೋದ್ಯ ಅಂತ ತಿಳಿಯಬೇಡಿ. ಎದುರಾಳಿಯ ಬಳಿ ಬಿಳಿ ಮನೆಯ ಒಂಟೆ, ಜಿ ಮತ್ತು ಎಚ್ ಕಾಲಾಳು ಇವೆ, ನಿಮ್ಮ ಬಳಿ ಒಂದು ಕುದುರೆ ಇದೆ ಅಂದರೆ, ಆ ಕುದುರೆಯನ್ನು ಜಿ ಕಾಲಾಳಿಗೆ ಕೊಟ್ಟು ರಾಜನನ್ನು ಎಚ್8ಕ್ಕೆ ಓಡಿಸಿ. ಇಡೀ ಕಾಯಿ ಬಿಟ್ಟುಕೊಡುವುದಕ್ಕೆ ಕೈ ಬರುವುದಿಲ್ಲ, ಅದೇ ಇಲ್ಲಿನ ತೊಡಕು.

ಫಿಲಿಡೋರ್: ಇದೊಂದನ್ನು ನಿದ್ದೆಯಲ್ಲೂ ಆಡಬೇಕು

ಕ್ಲಬ್ ಆಟಗಳಲ್ಲಿ ಅತಿ ಹೆಚ್ಚು ಬರುವ ಎಂಡ್‌ಗೇಮ್ ಆನೆಗಳದ್ದು. ಅದರಲ್ಲಿ ಕಾಯುವವರು ಕಲಿಯಬೇಕಾದ ಮೊದಲ ಸ್ಥಿತಿಗೆ ಫ್ರಾನ್ಸಿನ ಫ್ರಾಂಸ್ವಾ ಆಂದ್ರೆ ದನಿಕಾನ್ ಫಿಲಿಡೋರ್ ಅವರ (1726–1795) ಹೆಸರಿದೆ. ಅವರು ಇದನ್ನು 1777ರಲ್ಲೇ ವಿವರಿಸಿ ಅಚ್ಚು ಹಾಕಿಸಿದ್ದರು. ಇನ್ನೂರೈವತ್ತು ವರ್ಷದಿಂದ ಗೊತ್ತಿರುವ ಡ್ರಾವನ್ನು ವಾರಾಂತ್ಯದ ಟೂರ್ನಿಗಳಲ್ಲಿ ಇವತ್ತಿಗೂ ಸೋಲುತ್ತಾರೆ.

ಜೋಡಿಸಿ: ಬಿಳಿ ರಾಜ ಡಿ5, ಕಾಲಾಳು ಇ5, ಆನೆ ಎ7. ಕಪ್ಪು ರಾಜ ಇ8, ಆನೆ ಬಿ6.

ಮೂರು ಸಂಗತಿ ಇರಬೇಕು. ನಿಮ್ಮ ರಾಜ ಕಾಲಾಳು ರಾಣಿಯಾಗುವ ಮನೆಯ ಮೇಲೆ ಅಥವಾ ಅದರ ಪಕ್ಕದಲ್ಲಿರಬೇಕು. ನಿಮ್ಮ ಆನೆ ಆರನೇ ಅಡ್ಡಸಾಲಿನಲ್ಲಿರಬೇಕು. ಕಾಲಾಳು ಇನ್ನೂ ಆರನೇ ಸಾಲಿಗೆ ಬಂದಿರಬಾರದು. ಆನೆ ಆರನೇ ಸಾಲಿನಲ್ಲಿ ಬೇಲಿ ಹಾಕಿದ ಹಾಗೆ ನಿಲ್ಲುವುದರಿಂದ ಬಿಳಿ ರಾಜ ಮುಂದೆ ಬರಲಾರ.

ಈಗ ನಿಮ್ಮ ಕೆಲಸ ಏನೂ ಮಾಡದಿರುವುದು. ಆನೆಯನ್ನು ಬಿ6ರಿಂದ ಜಿ6, ಜಿ6ರಿಂದ ಎಚ್6, ಮತ್ತೆ ಬಿ6 ಹೀಗೆ ಓಡಾಡಿಸಿ. ಸಿ6, ಡಿ6, ಇ6ರಲ್ಲಿ ನಿಂತರೆ ರಾಜ ಹೊಡೆಯುತ್ತಾನೆ, ಎಫ್6ರಲ್ಲಿ ಕಾಲಾಳು ಹೊಡೆಯುತ್ತದೆ, ಎ6ಕ್ಕೆ ಹೋದರೆ ಎ7ರ ಆನೆಗೆ ಬಲಿ. ಇಷ್ಟು ಮನೆಗಳ ಮೇಲೆ ಕಣ್ಣಿಟ್ಟರೆ ಸಾಕು. ಬಿಳಿ ಆನೆ ಎ8ರಿಂದ ಚೆಕ್ ಕೊಟ್ಟರೆ ರಾಜ ಇ7ಕ್ಕೆ, ಎ7ರಿಂದ ಚೆಕ್ ಕೊಟ್ಟರೆ ಮತ್ತೆ ಇ8ಕ್ಕೆ.

ಬೇರೆ ದಾರಿ ಕಾಣದೆ ಬಿಳಿ ಕೊನೆಗೆ ಇ6 ಆಡಲೇಬೇಕು. ಆ ನಡೆಯ ಮರುಕ್ಷಣವೇ ನಿಮ್ಮ ಆನೆ ಬಿ1ಕ್ಕೆ ಇಳಿಯಬೇಕು, ಅತಿ ದೂರಕ್ಕೆ. ಈಗ ಬಿಳಿ ರಾಜ ಡಿ6ಕ್ಕೆ ಬಂದು ಎ8ರಲ್ಲಿ ಮೇಟ್ ಮಾಡುವ ಬೆದರಿಕೆ ಹಾಕುತ್ತಾನೆ. ನೀವು ಡಿ1 ಚೆಕ್. ರಾಜ ಇ5ಕ್ಕೆ ಬಂದರೆ ಇ1 ಚೆಕ್, ಎಫ್6ಕ್ಕೆ ಹೋದರೆ ಎಫ್1 ಚೆಕ್. ಇ6ರಲ್ಲಿ ಈಗ ಅವನದೇ ಕಾಲಾಳು ಕೂತಿದೆ, ಅಡಗಲು ಮನೆ ಇಲ್ಲ. ರಾಜ ಕಾಲಾಳನ್ನು ಬಿಟ್ಟು ನಿಮ್ಮ ಆನೆಯ ಕಡೆ ಇಳಿದು ಬಂದರೆ ಕಾಲಾಳನ್ನು ಹೊಡೆದುಕೊಳ್ಳಿ.

ಎಲ್ಲಿ ಎಡವುತ್ತಾರೆ ಅಂದರೆ ಎರಡು ಕಡೆ. ಕಾಲಾಳು ಇನ್ನೂ ಇ5ರಲ್ಲಿರುವಾಗಲೇ ಬೇಸರವಾಗಿ ಆನೆಯನ್ನು ಬಿ1ಕ್ಕೆ ಒಯ್ದು ಚೆಕ್ ಕೊಡಲು ಶುರು ಮಾಡುತ್ತಾರೆ. ಆಗ ಆರನೇ ಸಾಲಿನ ಬೇಲಿ ಕಿತ್ತ ಹಾಗಾಯಿತು, ಬಿಳಿ ರಾಜ ಮುಂದೆ ನುಗ್ಗಿ ಇ6ರಲ್ಲಿ ಕಾಲಾಳಿನ ನೆತ್ತಿಯ ಮೇಲೆ ಅಡಗುತ್ತಾನೆ. ಆ ಮೇಲೂ ಡ್ರಾ ಸಾಧ್ಯ, ಆದರೆ ಅದಕ್ಕೆ ಬೇರೆ ಪಾಠ ಬೇಕು: ನಿಮ್ಮ ರಾಜ ಕಾಲಾಳಿನ ಚಿಕ್ಕ ಪಕ್ಕಕ್ಕೆ ಸರಿಯಬೇಕು, ಆನೆ ದೊಡ್ಡ ಪಕ್ಕಕ್ಕೆ ಹೋಗಿ ಅಡ್ಡದಿಂದ ಚೆಕ್ ಕೊಡಬೇಕು, ಆನೆಗೂ ಕಾಲಾಳಿಗೂ ನಡುವೆ ಮೂರು ಕಂಬಸಾಲು ಅಂತರ ಬೇಕು. ಇ ಕಾಲಾಳಿಗೆ ಎಫ್, ಜಿ, ಎಚ್ ಚಿಕ್ಕ ಪಕ್ಕ, ಎ, ಬಿ, ಸಿ, ಡಿ ದೊಡ್ಡ ಪಕ್ಕ. ರಾಜ ದೊಡ್ಡ ಪಕ್ಕಕ್ಕೆ ಹೋದರೆ ಆನೆಗೆ ಓಡಾಡಲು ಜಾಗವೇ ಉಳಿಯುವುದಿಲ್ಲ.

ಇನ್ನೊಂದು ತಪ್ಪು ಎಂಟನೇ ಸಾಲಿಗೆ ಆನೆ ತಂದು ಸುಮ್ಮನೆ ಕಾಯುವುದು. ಎ, ಬಿ, ಜಿ, ಎಚ್ ಕಾಲಾಳುಗಳಿಗೆ, ರಾಜ ಎದುರಿಗೇ ನಿಂತಿದ್ದರೆ, ಇದು ನಡೆಯುತ್ತದೆ. ಸಿ, ಡಿ, ಇ, ಎಫ್ ಕಾಲಾಳುಗಳಿಗೆ ನಡೆಯುವುದಿಲ್ಲ, ಬಿಳಿ ಆನೆ ಇನ್ನೊಂದು ಪಕ್ಕದಿಂದ ಸುತ್ತಿ ಬಂದು ಮೇಟ್ ಬೆದರಿಕೆ ಹಾಕುತ್ತದೆ.

ಎ ಕಾಲಾಳಿಗೆ ವಾಂಚುರಾ

ಫಿಲಿಡೋರ್ ಕಲಿತವರಿಗೂ ಇದು ಗೊತ್ತಿರುವುದಿಲ್ಲ. ಝೆಕ್ ದೇಶದ ಚೆಸ್ ಸಮಸ್ಯೆಗಳ ಸಂಯೋಜಕ ಯೋಸೆಫ್ ವಾಂಚುರಾ 1921ರಲ್ಲಿ ತೀರಿಕೊಂಡರು, ಅವರ ಈ ಸ್ಥಿತಿ ಪ್ರಕಟವಾದದ್ದು 1924ರಲ್ಲಿ. ಬಿಳಿ ಆನೆ ಎ8, ಕಾಲಾಳು ಎ6, ರಾಜ ಬೋರ್ಡಿನ ನಡುವೆ ಎಲ್ಲೋ ಇದ್ದಾನೆ. ಕಪ್ಪು ರಾಜ ಜಿ7, ಆನೆ ಎಫ್6. ಅಂದರೆ ಆನೆ ಕಾಲಾಳನ್ನು ಹಿಂದಿನಿಂದ ಹಿಡಿಯದೆ ಪಕ್ಕದಿಂದ ಹಿಡಿದಿದೆ. ಕಾಲಾಳನ್ನು ಕಾಯುವ ಹೊಣೆಯಿಂದಾಗಿ ಬಿಳಿ ಆನೆ ಎ8ರಿಂದ ಅಲ್ಲಾಡುವಂತಿಲ್ಲ. ಅದನ್ನು ಬಿಡಿಸಲು ರಾಜ ಬಿ5ಕ್ಕೆ ಬಂದರೆ ಎಫ್5 ಚೆಕ್, ಬಿ6ಕ್ಕೆ ಹತ್ತಿದರೆ ಎಫ್6 ಚೆಕ್, ಬಿ7ಕ್ಕೆ ಹೋದರೆ ಎಫ್7 ಚೆಕ್. ರಾಜ ಕಾಲಾಳಿನಿಂದ ದೂರ ಸರಿದ ಕೂಡಲೇ ಆನೆ ಮತ್ತೆ ಆರನೇ ಸಾಲಿಗೆ.

ಬಿಳಿ ಎ7ಕ್ಕೆ ತಳ್ಳಿದರೆ ಆನೆ ತಕ್ಷಣ ಎ6ಕ್ಕೆ ಹೋಗಿ ಹಿಂದಿನಿಂದ ಹಿಡಿಯಬೇಕು. ಎ7ರಲ್ಲಿ ಕಾಲಾಳೇ ಕೂತ ಮೇಲೆ ಬಿಳಿ ರಾಜನಿಗೆ ಚೆಕ್‌ನಿಂದ ತಪ್ಪಿಸಿಕೊಳ್ಳುವ ಏಕೈಕ ಗೂಡು ಮುಚ್ಚಿಹೋಯಿತು. ಅವನು ಹತ್ತಿರ ಬಂದರೆ ಹಿಂದಿನಿಂದ ಚೆಕ್, ದೂರ ಹೋದರೆ ಮತ್ತೆ ಎ ಸಾಲಿಗೆ. ನಿಮ್ಮ ರಾಜ ಮಾತ್ರ ಜಿ7, ಎಚ್7 ಬಿಟ್ಟು ಕದಲಬಾರದು. ಎಫ್7ಕ್ಕೆ ಬಂದಿರಿ ಅನ್ನಿ, ಬಿಳಿ ಆನೆ ಎಚ್8ಕ್ಕೆ ಹಾರುತ್ತದೆ. ನೀವು ಎ7 ಹೊಡೆದರೆ ಎಚ್7 ಚೆಕ್, ನಿಮ್ಮ ಆನೆ ಹೋಯಿತು.

ಬೇರೆ ಆಸರೆಗಳು

ಎರಡೂ ಕಡೆ ಬೇರೆ ಬೇರೆ ಬಣ್ಣದ ಮನೆಗಳ ಒಂಟೆ ಉಳಿದಿದ್ದರೆ ಎರಡು ಕಾಲಾಳು ಹಿಂದಿದ್ದರೂ ಆಸೆ ಬಿಡಬೇಡಿ. ನಿಮ್ಮ ಕಾಲಾಳುಗಳನ್ನು ನಿಮ್ಮ ಒಂಟೆಯ ಬಣ್ಣದ ಮನೆಗಳಲ್ಲೇ ನಿಲ್ಲಿಸಿ, ಅವನ ಒಂಟೆ ಅವನ್ನು ಮುಟ್ಟಲಾರದು. ರಾಜನನ್ನು ಅವನ ಕಾಲಾಳಿನ ಎದುರಿಗೆ ಅಡ್ಡ ನಿಲ್ಲಿಸಿ. ಅವನ ಎರಡು ಮುಕ್ತ ಕಾಲಾಳುಗಳ ನಡುವೆ ಒಂದು ಕಂಬಸಾಲು ಮಾತ್ರ ಖಾಲಿ ಇದ್ದರೆ ಸಾಮಾನ್ಯವಾಗಿ ಡ್ರಾ, ಅಂತರ ಹೆಚ್ಚಾದಷ್ಟೂ ಸೋಲಿನ ಕಡೆ ವಾಲುತ್ತದೆ.

ಆನೆಗೆದುರು ಬರೀ ಒಂಟೆ, ಕಾಲಾಳಿಲ್ಲ ಅಂದರೆ ರಾಜನನ್ನು ಒಂಟೆಯ ಬಣ್ಣದ್ದಲ್ಲದ ಮೂಲೆಗೆ ಓಡಿಸಿ. ಬಿಳಿ ಮನೆಯ ಒಂಟೆಗೆ ಎಚ್8 ಅಥವಾ ಎ1. ಅಲ್ಲಿ ಒಂಟೆ ಜಿ8ರಲ್ಲಿ ಅಡ್ಡ ನಿಂತಾಗ ಅವನು ಆನೆಯನ್ನು ಎಂಟನೇ ಸಾಲಿನಲ್ಲೇ ಬಿಟ್ಟರೆ ಸ್ಟೇಲ್‌ಮೇಟ್. ಆನೆಗೆದುರು ಕುದುರೆ ಆದರೆ ಮೂಲೆಗೆ ಹೋಗಬೇಡಿ, ಕುದುರೆಯನ್ನು ರಾಜನ ಪಕ್ಕದಿಂದ ದೂರ ಕಳಿಸಬೇಡಿ.

ಎದುರಾಳಿಗೆ ರಾಣಿ, ನಿಮಗೆ ಏಳನೇ ಸಾಲು ತಲುಪಿದ ಒಂದು ಕಾಲಾಳು. ಅದು ಎ, ಸಿ, ಎಫ್ ಅಥವಾ ಎಚ್ ಸಾಲಿನದಾಗಿದ್ದು, ಅವನ ರಾಜ ದೂರವಿದ್ದರೆ ಡ್ರಾ. ಸಿ ಕಾಲಾಳಿನ ಚಮತ್ಕಾರ ನೋಡಿ. ಕಪ್ಪಿನದು ಸಿ2ರಲ್ಲಿದೆ, ರಾಜ ಬಿ2. ಬಿಳಿ ರಾಣಿ ಬಿ3ರಿಂದ ಚೆಕ್ ಕೊಡುತ್ತದೆ. ನೀವು ಎ1ಕ್ಕೆ ಹೋಗಿ, ಸಿ2 ಹೊಡೆಯಲು ಬಿಟ್ಟುಬಿಡಿ. ಹೊಡೆದರೆ ಸ್ಟೇಲ್‌ಮೇಟ್. ಕಾಲಾಳನ್ನು ಉಳಿಸಲು ಸಿ1ಕ್ಕೆ ಹೋದಿರೋ, ಅವನ ರಾಜನಿಗೆ ಒಂದು ಹೆಜ್ಜೆ ಹತ್ತಿರ ಬರಲು ಬಿಡುವು ಕೊಟ್ಟ ಹಾಗೆ.

ಎಡೆಬಿಡದ ಚೆಕ್ ಬಗ್ಗೆ ಎಲ್ಲರಿಗೂ ಗೊತ್ತು, ಮುಂಚೆಯೇ ಗುರುತಿಸುವುದು ಕಷ್ಟ. ಎರಡು ಆಕಾರ ನೆನಪಿಡಿ. ಒಂದು, ಎದುರಾಳಿಯ ರಾಜ ಜಿ8ರಲ್ಲಿ, ಅವನದೇ ಆನೆ ಎಫ್8ರಲ್ಲಿ, ಎಫ್7ರಲ್ಲಿ ಕಾಲಾಳು, ಜಿ ಮತ್ತು ಎಚ್ ಕಾಲಾಳುಗಳಿಲ್ಲ. ನಿಮ್ಮ ರಾಣಿ ಜಿ5, ಎಚ್5, ಜಿ5 ಅಂತ ಚೆಕ್ ಕೊಡುತ್ತಲೇ ಇರಬಹುದು, ನಡುವೆ ಅಡ್ಡ ಬರಲು ಅವನ ಕಾಯಿ ಇಲ್ಲದಿದ್ದರೆ ಮುಗಿಯಿತು. ಇನ್ನೊಂದು, ನಿಮ್ಮ ಎರಡೂ ಆನೆ ಏಳನೇ ಸಾಲಿನಲ್ಲಿ. ಆಟದ ನಡುವೆ ಕಾಯಿ ಬಲಿ ಕೊಡುವ ಯೋಚನೆ ಬಂದಾಗ ಗೆಲುವು ಸಿಗದಿದ್ದರೂ ಇಂಥದ್ದೊಂದು ಆಕಾರ ಕೊನೆಗೆ ಉಳಿಯುತ್ತದೆಯೇ ಅಂತ ನೋಡಿಕೊಂಡೇ ಬಲಿ ಕೊಡಬೇಕು.

ಮೂರು ಸಲ ಬಂದದ್ದನ್ನು ಹೇಳುವ ಕ್ರಮ

ಆ ಎರಡು ಆನೆಗಳ ಸ್ಥಿತಿಯನ್ನೇ ಹಿಡಿದು ನೋಡೋಣ. ಬಿಳಿ ಆನೆಗಳು ಬಿ7 ಮತ್ತು ಡಿ7. ಕಪ್ಪು ರಾಜ ಜಿ8, ಕಪ್ಪು ಆನೆ ಇ8. ಏಳನೇ ಸಾಲಿನ ಉಳಿದ ಮನೆಗಳು ಖಾಲಿ. ಡಿ7ರ ಆನೆ ಜಿ7ಕ್ಕೆ ಬಂದು ಚೆಕ್, ರಾಜ ಎಚ್8. ಆನೆ ಎಚ್7 ಚೆಕ್, ರಾಜ ಜಿ8. ಆನೆ ಜಿ7 ಚೆಕ್, ರಾಜ ಎಚ್8. ಮತ್ತೆ ಎಚ್7, ಜಿ8. ಈಗ ಬಿಳಿ ಜಿ7 ಆಡಿದರೆ ಅದೇ ಸ್ಥಿತಿ, ಅದೇ ಕಪ್ಪಿನ ಸರದಿ, ಮೂರನೇ ಸಲ ಬರುತ್ತದೆ.

ಇಲ್ಲಿ ಕೈ ತಡೆಯಿರಿ. ಜಿ7ರ ನಡೆಯನ್ನು ಬೋರ್ಡಿನ ಮೇಲೆ ಆಡಬಾರದು. ಸ್ಕೋರ್‌ಶೀಟಿನಲ್ಲಿ ಬರೆಯಿರಿ, ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದು "ಈ ನಡೆ ಆಡಿದರೆ ಇದೇ ಸ್ಥಿತಿ ಮೂರನೇ ಸಲ ಬರುತ್ತದೆ, ಡ್ರಾ ಕ್ಲೇಮ್ ಮಾಡುತ್ತಿದ್ದೇನೆ" ಅನ್ನಿ. ಬರೆದ ನಡೆಯನ್ನು ಮತ್ತೆ ಬದಲಾಯಿಸುವಂತಿಲ್ಲ. ಕ್ಲಬ್ಬಿನಲ್ಲಿ ದಿನಾ ಆಗುವ ತಪ್ಪು ಇದು: ನಡೆ ಆಡಿ, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತುವುದು. ಆ ಹೊತ್ತಿಗೆ ಸರದಿ ಎದುರಾಳಿಯದು, ಕ್ಲೇಮ್ ಮಾಡುವ ಹಕ್ಕು ನಿಮಗಿಲ್ಲ. ಎದುರಾಳಿಯ ನಡೆಯಿಂದಲೇ ಮೂರನೇ ಸಲ ಬಂದಿದ್ದರೆ ಏನೂ ಬರೆಯಬೇಕಿಲ್ಲ, ನಿಮ್ಮ ಸರದಿಯಲ್ಲಿ ಕಾಯಿ ಮುಟ್ಟುವ ಮುಂಚೆ ಹೇಳಿದರಾಯಿತು. ಆಡುವ ಉದ್ದೇಶದಿಂದ ಒಂದು ಕಾಯಿ ಮುಟ್ಟಿದರೂ ಆ ನಡೆಯ ಮಟ್ಟಿಗೆ ಹಕ್ಕು ಹೋಗುತ್ತದೆ.

ಸಾಲಾಗಿ ಮೂರು ಸಲ ಬರಬೇಕು ಅನ್ನುವ ತಪ್ಪು ತಿಳಿವಳಿಕೆ ಇನ್ನೂ ಇದೆ. ಬೇಡ. 1971ರಲ್ಲಿ ಬ್ಯೂನಸ್ ಐರಿಸ್‌ನ ಕ್ಯಾಂಡಿಡೇಟ್ಸ್ ಫೈನಲ್‌ನಲ್ಲಿ ಪೆಟ್ರೋಸಿಯಾನ್ ಮತ್ತು ಫಿಷರ್ ಆಡಿದ 3ನೇ ಆಟ ಹೀಗೇ ಡ್ರಾ ಆಯಿತು. 30, 32 ಮತ್ತು 34ನೇ ನಡೆಗಳ ನಂತರ ಸ್ಥಿತಿ ಒಂದೇ ಆಗಿತ್ತು. ನೋಡಬೇಕಾದ್ದು ನಡೆಗಳನ್ನಲ್ಲ, ಸ್ಥಿತಿಯನ್ನು: ಅದೇ ಥರದ ಕಾಯಿ ಅದೇ ಮನೆಯಲ್ಲಿ, ಅದೇ ಬಣ್ಣದ ಸರದಿ, ಕ್ಯಾಸ್ಲಿಂಗ್ ಮತ್ತು ಆನ್ ಪಾಸಾಂ ಹಕ್ಕುಗಳೂ ಅವೇ. ಯಾವ ಆನೆ ಮೊದಲು ಡಿ7ರಲ್ಲಿತ್ತು ಅನ್ನುವುದು ಲೆಕ್ಕಕ್ಕಿಲ್ಲ.

ಕ್ಲೇಮ್ ತಪ್ಪಾದರೆ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರುತ್ತದೆ, ನೀವು ಬರೆದ ನಡೆಯನ್ನು ಆಡಲೇಬೇಕು. ಐದು ಸಲ ಒಂದೇ ಸ್ಥಿತಿ ಬಂದರೆ ಯಾರೂ ಕೇಳದೆಯೂ ಆಟ ಡ್ರಾ. ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ, ಐದರೊಳಗೆ ಎದುರಾಳಿ ದಾರಿ ಬದಲಿಸಬಹುದು.

ಐವತ್ತು ನಡೆ ಎಣಿಸುವುದು

ಯಾವ ಕಾಲಾಳೂ ಕದಲದೆ, ಯಾವ ಕಾಯಿಯೂ ಬೀಳದೆ ಇಬ್ಬರೂ 50–50 ನಡೆ ಆಡಿದ್ದರೆ ಡ್ರಾ ಕೇಳಬಹುದು. 75 ಆದರೆ ತಾನಾಗಿಯೇ ಡ್ರಾ, 75ನೇದೇ ಮೇಟ್ ಆಗಿದ್ದರೆ ಮಾತ್ರ ಮೇಟ್‌ಗೆ ಮಾನ್ಯತೆ. ಎಣಿಕೆಗೆ ಸುಲಭ ದಾರಿ: ಕೊನೆಯ ಕಾಯಿ ಬಿದ್ದ ಅಥವಾ ಕಾಲಾಳು ಕದಲಿದ ನಡೆಯ ಸಂಖ್ಯೆಗೆ ಸ್ಕೋರ್‌ಶೀಟಿನಲ್ಲಿ ಒಂದು ಸುತ್ತು ಹಾಕಿ, ಅದಕ್ಕೆ 50 ಕೂಡಿಸಿ. ಕಪ್ಪಿನ 62ನೇ ನಡೆಯಲ್ಲಿ ಕಾಯಿ ಬಿದ್ದಿದ್ದರೆ, ಕಪ್ಪಿನ 112ನೇ ನಡೆಗೆ ಲೆಕ್ಕ ತುಂಬುತ್ತದೆ. ಕಪ್ಪು ಆ ನಡೆಯನ್ನು ಆಡುವ ಮೊದಲೇ ಬರೆದು ಕೇಳಬಹುದು, ಕ್ರಮ ಮೇಲಿನದೇ.

ಆನೆ ಮತ್ತು ಒಂಟೆಗೆದುರು ಬರೀ ಆನೆ ಬಂದಾಗ ಇದು ಪ್ರಾಣ ಉಳಿಸುತ್ತದೆ. 1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಿಕೋಲಿಚ್ ಮತ್ತು ಆರ್ಸೋವಿಚ್ ಈ ಎಂಡ್‌ಗೇಮನ್ನು ಎಳೆದೂ ಎಳೆದೂ 269 ನಡೆಗೆ ಡ್ರಾ ಮಾಡಿಕೊಂಡರು. ಆಗ ಈ ಎಂಡ್‌ಗೇಮಿಗೆ 100 ನಡೆಯ ಅವಕಾಶವಿತ್ತು. ಈಗ ಎಲ್ಲಕ್ಕೂ 50ರ ಲೆಕ್ಕವೇ.

ಪ್ರತಿ ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆಯವರೆಗೂ ಬರೆಯಲೇಬೇಕು, ಅದು ನಿಮ್ಮ ಅನುಕೂಲಕ್ಕೇ ಇದೆ. ಬರೆಯದವರ ಕ್ಲೇಮ್ ನಿಲ್ಲುವುದು ಕಷ್ಟ.

ಡ್ರಾ ಆಫರ್ ಕೊಡುವಾಗ, ಬಂದಾಗ

ಕ್ರಮ ಹೀಗೆ: ಬೋರ್ಡಿನ ಮೇಲೆ ನಡೆ ಆಡಿ, "ಡ್ರಾ" ಅಂತ ಒಂದೇ ಸಲ ಹೇಳಿ, ಆಮೇಲೆ ಗಡಿಯಾರ ಒತ್ತಿ. ಇಬ್ಬರೂ ಸ್ಕೋರ್‌ಶೀಟಿನಲ್ಲಿ ಆ ನಡೆಯ ಪಕ್ಕ (=) ಗುರುತು ಹಾಕಬೇಕು. ಷರತ್ತು ಹಾಕುವಂತಿಲ್ಲ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮತ್ತೆ ಮತ್ತೆ ಕೇಳುವುದು ಎದುರಾಳಿಗೆ ಕಿರಿಕಿರಿ ಮಾಡಿದ ಹಾಗೆ, ಆರ್ಬಿಟರ್ ದಂಡ ಹಾಕಬಹುದು. ಇಂತಿಷ್ಟು ನಡೆ ಆಗುವವರೆಗೆ ಡ್ರಾ ಒಪ್ಪಂದ ಕೂಡದು ಅನ್ನುವ ನಿಯಮ ಕೆಲವು ಟೂರ್ನಿಗಳಲ್ಲಿ ಇರುತ್ತದೆ, ಮೊದಲ ಸುತ್ತಿಗೆ ಮುನ್ನವೇ ಓದಿಕೊಳ್ಳಿ.

ಆಫರ್ ಬಂದರೆ ಗಾಬರಿ ಬೇಡ. ನೀವು ಬೇಡ ಅನ್ನುವವರೆಗೆ ಅಥವಾ ಆಡಲು ಕಾಯಿ ಮುಟ್ಟುವವರೆಗೆ ಅದು ಜೀವಂತ. ಹತ್ತು ನಿಮಿಷ ಯೋಚಿಸಿ, ಕೊನೆಗೆ ನಿಮ್ಮ ಸ್ಥಿತಿ ಕೆಟ್ಟದು ಅಂತ ಕಂಡರೆ ಕೈ ಕೊಟ್ಟುಬಿಡಿ. ಎದುರಾಳಿ ತನ್ನ ನಡೆ ಆಡದೆಯೇ ಡ್ರಾ ಕೇಳಿದರೆ "ಮೊದಲು ನಡೆ ಆಡಿ" ಅನ್ನಿ. ಅವನ ನಡೆ ನೋಡಿದ ಮೇಲೆ ನಿರ್ಧರಿಸಬಹುದು, ಆಫರ್ ಎಲ್ಲಿಯೂ ಹೋಗಿರುವುದಿಲ್ಲ. ರೇಟಿಂಗ್ ಹೆಚ್ಚಿರುವವರು ತಾವಾಗಿ ಡ್ರಾ ಕೇಳಿದರೆ ಒಂದು ಅನುಮಾನ ಇಟ್ಟುಕೊಳ್ಳಿ, ಅವರಿಗೆ ಏನೋ ಕಂಡಿರುತ್ತದೆ.

ಕೇಳಲು ಒಳ್ಳೆಯ ಹೊತ್ತು ಯಾವುದು? ಎದುರಾಳಿಗೆ ತಲೆನೋವಾಗುವಂಥ ಒಂದು ಗಟ್ಟಿ ನಡೆ ಆಡಿದ ಮೇಲೆ. ಸೋಲುತ್ತಿರುವಾಗ ಕೇಳಿದರೆ ನೀವು ಹೆದರಿದ್ದೀರಿ ಅಂತ ತಿಳಿಸಿದ ಹಾಗೆ.

ಫ್ಲ್ಯಾಗ್ ಬಿದ್ದರೆ

ನಿಮ್ಮ ಸಮಯ ಮುಗಿದರೂ, ಎದುರಾಳಿ ಯಾವ ಕಾನೂನುಬದ್ಧ ನಡೆಗಳ ಸರಣಿಯಿಂದಲೂ ನಿಮಗೆ ಮೇಟ್ ಕೊಡಲಾರದ ಸ್ಥಿತಿ ಇದ್ದರೆ ಡ್ರಾ. "ಯಾವ ಸರಣಿಯಿಂದಲೂ" ಅನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಅವನ ಬಳಿ ಬರೀ ಕುದುರೆ, ನಿಮ್ಮ ಬಳಿ ಒಂದು ಕಾಲಾಳು ಇದ್ದು ನಿಮ್ಮ ಫ್ಲ್ಯಾಗ್ ಬಿದ್ದರೆ ಫಿಡೆ ನಿಯಮದಲ್ಲಿ ಸಾಮಾನ್ಯವಾಗಿ ಸೋಲು, ಏಕೆಂದರೆ ನಿಮ್ಮ ಕಾಲಾಳೇ ನಿಮ್ಮ ರಾಜನ ದಾರಿ ಕಟ್ಟಿ ಮೇಟ್ ಆಗುವ ಸ್ಥಿತಿ ಕಲ್ಪಿಸಬಹುದು. ಆನ್‌ಲೈನ್‌ನಲ್ಲಿ ಕೆಲವು ತಾಣಗಳು ಇದನ್ನೇ ಡ್ರಾ ಅಂತ ಕೊಡುತ್ತವೆ, ಕೆಲವು ಕಡೆ ಮೂರು ಸಲದ ಲೆಕ್ಕವೂ ತಾನಾಗಿಯೇ ನಡೆಯುತ್ತದೆ. ಮೊಬೈಲಿನಲ್ಲಿ ಆಡಿ ಅಭ್ಯಾಸವಾದವರು ಹಾಲಿನಲ್ಲಿ ಕೂತಾಗ ಎಡವುವುದು ಇಲ್ಲೇ. ಹಾಗಾಗಿ ಸಮಯ ಕಡಿಮೆ ಇರುವಾಗ ಆ ಕಾಲಾಳನ್ನು ಕುದುರೆಗೆ ಕೊಟ್ಟು ಕೈ ತೊಳೆದುಕೊಳ್ಳುವುದೇ ವಾಸಿ.

ಅಭ್ಯಾಸ

ಜೊತೆಗಾರರೊಬ್ಬರನ್ನು ಕೂರಿಸಿಕೊಂಡು ಫಿಲಿಡೋರ್ ಸ್ಥಿತಿಯನ್ನು 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್ ಇಟ್ಟು ಹತ್ತು ಸಲ ಆಡಿ. ಐದು ಸಲ ಕಾಯುವವರಾಗಿ, ಐದು ಸಲ ಗೆಲ್ಲಲು ನೋಡುವವರಾಗಿ. ಗೆಲ್ಲಲು ಪ್ರಯತ್ನಿಸಿದವರಿಗೇ ಯಾವ ಬಲೆ ಎಲ್ಲಿದೆ ಅಂತ ಬೇಗ ತಿಳಿಯುತ್ತದೆ. ಆಮೇಲೆ ಅದೇ ಸ್ಥಿತಿಯನ್ನು ಸಿ ಕಾಲಾಳಿಗೆ, ಜಿ ಕಾಲಾಳಿಗೆ ಸರಿಸಿ ಆಡಿ. ವಾಂಚುರಾ ಹೆಚ್ಚು ಸಮಯ ಬೇಡುತ್ತದೆ, ಅದಕ್ಕೆ ಒಂದು ಸಂಜೆ ಪೂರ್ತಿ ಇಡಿ. ರಾಜ ಮತ್ತು ಕಾಲಾಳಿನ ಸ್ಥಿತಿಗೆ ಐದು ನಿಮಿಷ ಸಾಕು, ಆದರೆ ವಾರಕ್ಕೊಮ್ಮೆ ಮುಟ್ಟಿ ನೋಡಿ, ಮರೆತುಹೋಗುವುದು ಅದೇ.

ಡ್ರಾ ಆದ ಮೇಲೆ ಕೈ ಕುಲುಕಿ ಎದ್ದು ಹೋಗಬೇಡಿ. ಇಬ್ಬರ ಸ್ಕೋರ್‌ಶೀಟಿನಲ್ಲೂ ½–½ ಬರೆದು, ಎರಡಕ್ಕೂ ಇಬ್ಬರೂ ಸಹಿ ಹಾಕಿ. ಸಹಿ ಹಾಕಿದ ಫಲಿತಾಂಶ ತಪ್ಪಾಗಿದ್ದರೂ, ಆರ್ಬಿಟರ್ ಬದಲಿಸದ ಹೊರತು ಅದೇ ನಿಲ್ಲುತ್ತದೆ. ಮುಂದಿನ ಸುತ್ತಿನ ಪೇರಿಂಗ್ ಗೋಡೆಗೆ ಅಂಟಿಸಿದಾಗ ನಿಮ್ಮ ಹೆಸರಿನ ಮುಂದೆ ಅರ್ಧ ಅಂಕ ಸೇರಿದೆಯೇ ಅಂತಲೂ ನೋಡಿಕೊಳ್ಳಿ. ಸೇರಿಲ್ಲದಿದ್ದರೆ ಆ ಸುತ್ತು ಶುರುವಾಗುವ ಮುಂಚೆ ಆರ್ಬಿಟರಿಗೆ ತಿಳಿಸಿ.